ಕೆಂಪು ಡಬ್ಬಿ, ನೀಲಿ ಡಬ್ಬಿ

ಗಂಡಸರು ಜಗಳವಾಡಲು ದೊಡ್ಡ ಕಾರಣವೇನೂ ಬೇಕಿಲ್ಲ ಎಂಬುದು ಅಕ್ಕನಿಗೆ ಹೊಸ ವಿಷಯವಲ್ಲ. ಆದರೂ, ಮೀಸೆ ನರೆಯುತ್ತಿರುವ ಇಬ್ಬರು ಷಡ್ಡಕರು, ಅಕ್ಕತಂಗಿಯರನ್ನು ಕಟ್ಟಿಕೊಂಡು ಒಂದೇ ಕಟ್ಟಡದಲ್ಲಿ ಮೇಲೆ ಕೆಳಗೆ ಸಂಸಾರ ಮಾಡುತ್ತಿರುವವರು, ಅಂಗೈಯಗಲದ ಪ್ಲಾಸ್ಟಿಕ್ ಬಿಲ್ಲೆಗಾಗಿ ಮಾತು ಬಿಡುತ್ತಾರೆಂದರೆ ಯಾರಿಗೆ ತಾನೇ ರೇಗುವುದಿಲ್ಲ? ಅದೂ ಯಾರೋ ಎಲ್ಲೋ ಕೂತು ಮಾಡಿದ ಬಿಲ್ಲೆ. ಇವರಪ್ಪನ ಮನೆಯದೇನೂ ಅಲ್ಲ.

ನಡೆದದ್ದು ಇಷ್ಟೇ. ಮನೆಯಲ್ಲಿ ಕೂತು ಸಿನಿಮಾ ನೋಡುವ ಡಿಸ್ಕುಗಳಲ್ಲಿ ಹೊಸ ನಮೂನೆ ಬಂದಿತ್ತು. ಹಳೆಯದಕ್ಕಿಂತ ಚಿತ್ರ ನಿಚ್ಚಳ, ನಾಯಕನ ಗಲ್ಲದ ಮೇಲೆ ಬಳಿದ ಪೌಡರ್ ಕೂಡ ಕಾಣುವಷ್ಟು. ಬಂದದ್ದು ಒಂದೇ ನಮೂನೆಯಾಗಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಬಂದದ್ದು ಎರಡು! ಒಂದು ಕೆಂಪು ಡಬ್ಬಿಯಲ್ಲಿ, ಇನ್ನೊಂದು ನೀಲಿ ಡಬ್ಬಿಯಲ್ಲಿ. ಒಳಗಿನ ಡಿಸ್ಕುಗಳು ನೋಡಲು ಅವಳಿಜವಳಿ. ಆದರೆ ಕೆಂಪಿನದನ್ನು ನೀಲಿ ಯಂತ್ರಕ್ಕೆ ಹಾಕಿದರೆ ಅದು ಗುರ್ರೆಂದು ನಾಲ್ಕು ಸುತ್ತು ತಿರುಗಿ ಹೊರಗೆ ಉಗಿಯುತ್ತಿತ್ತು. ನೀಲಿಯದನ್ನು ಕೆಂಪು ಯಂತ್ರಕ್ಕೆ ಹಾಕಿದರೂ ಅದೇ ಹಾಡು. ದೊಡ್ಡ ದೊಡ್ಡ ಕಂಪನಿಗಳೆಲ್ಲ ಎರಡು ಪಂಗಡವಾಗಿ ನಿಂತು, ಅರ್ಧ ಸಿನಿಮಾಗಳನ್ನು ಕೆಂಪಿನಲ್ಲಿ ಮಾತ್ರ, ಉಳಿದರ್ಧವನ್ನು ನೀಲಿಯಲ್ಲಿ ಮಾತ್ರ ಬಿಡುತ್ತಿದ್ದವು. ನೋಡುವವರು ಏನಾದರೂ ಮಾಡಿಕೊಂಡು ಸಾಯಲಿ, ಅವರಿಗೇನು.

ಅಕ್ಕನದು ಡಿಸ್ಕು ಬಾಡಿಗೆಗೆ ಕೊಡುವ ಅಂಗಡಿ, ಕಟ್ಟಡದ ಕೆಳಗೆ, ಬೀದಿಗೆ ಮುಖ ಮಾಡಿಕೊಂಡು. ಗಲ್ಲಾದ ಹಿಂದೆ ಅವಳು. ಅವಳ ಬೆನ್ನಿಗೆ ಒಂದು ಪರದೆ, ಪರದೆಯಾಚೆ ರಿಪೇರಿ ಮೇಜಿನಲ್ಲಿ ಅವಳ ಗಂಡ. ಅವನನ್ನು ಇಡೀ ಬೀದಿ ಮೆಕ್ಯಾನಿಕ್ ಎಂದೇ ಕರೆಯುತ್ತಿತ್ತು, ಇವಳನ್ನು ಅಕ್ಕ ಎಂದು. ಅಂಗಡಿಯ ಮೇಲಿನ ಮಹಡಿಯಲ್ಲಿ ಇವರ ಮನೆ, ಅದರ ಮೇಲಿನದರಲ್ಲಿ ತಂಗಿ ಪುಟ್ಟಿಯದು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿಗೆ ಕೂತು, ಕೆನ್ನೆ ಹಿಡಿದುಕೊಂಡು ಬಂದವರನ್ನು ಸಾಲಾಗಿ ಒಳಗೆ ಕಳಿಸುವ ಕೆಲಸ ಪುಟ್ಟಿಯದು. ತಲೆಯಲ್ಲಿ ಬಿಳಿಕೂದಲು ಇಣುಕುತ್ತಿದ್ದರೂ ಅಕ್ಕನ ಬಾಯಲ್ಲಿ ಅವಳಿನ್ನೂ ಪುಟ್ಟಿಯೇ. ಪುಟ್ಟಿಯ ಗಂಡ ಮುಖ್ಯರಸ್ತೆಯ ದೊಡ್ಡ ಅಂಗಡಿಯಲ್ಲಿ ಕುತ್ತಿಗೆಗೆ ಟೈ ಕಟ್ಟಿಕೊಂಡು ಟಿವಿ ಮಾರುತ್ತಿದ್ದ. ಅವನಿಗೆ ಮೆಕ್ಯಾನಿಕ್ ಇಟ್ಟ ಹೆಸರು ಶೋರೂಮ್.

ಮೆಕ್ಯಾನಿಕ್ ಕೆಂಪಿನ ಕಡೆ. ಆ ಯಂತ್ರವನ್ನು ಬಿಚ್ಚಿ ನೋಡಿ, ಒಳಗಿನ ಕೆಲಸ ಅಚ್ಚುಕಟ್ಟಾಗಿದೆ, ನಿಲ್ಲುವುದು ಇದೇ ಎಂದು ತೀರ್ಪು ಕೊಟ್ಟುಬಿಟ್ಟಿದ್ದ. ಅಂಗಡಿಯ ಕಪಾಟು ಕೆಂಪಾಯಿತು. ಮನೆಗೂ ಕೆಂಪು ಯಂತ್ರ ಬಂತು. ಪುಟ್ಟಿಯ ಮನೆಗೂ ಅದೇ ಬರುತ್ತದೆ ಎಂಬುದರಲ್ಲಿ ಅಕ್ಕನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಬರದೆ ಎಲ್ಲಿಗೆ ಹೋಗುತ್ತದೆ? ಈ ಮನೆಗೆ ಬಂದ ಫ್ರಿಜ್ಜೇ ಆ ಮನೆಗೂ ಬಂದಿತ್ತು, ಸೋಫಾ ಹಾಗೆಯೇ, ಅಡುಗೆಮನೆಯ ಸ್ಟವ್ ಹಾಗೆಯೇ. ಭಾನುವಾರ ಮಧ್ಯಾಹ್ನ ನಾಲ್ವರೂ ಅಕ್ಕನ ಮನೆಯಲ್ಲಿ ಕೂತು ಒಂದು ಸಿನಿಮಾ ನೋಡಬೇಕು, ಚೆನ್ನಾಗಿದ್ದರೆ ಡಿಸ್ಕು ಮೇಲಕ್ಕೆ ಹೋಗಬೇಕು, ವಾರದಲ್ಲಿ ಯಾವಾಗಲಾದರೂ ಪುಟ್ಟಿ ಅದನ್ನು ವಾಪಸು ತರಬೇಕು. ತಂದಾಗ ಗಲ್ಲಾದ ಪಕ್ಕದ ಸ್ಟೂಲಿನ ಮೇಲೆ ಕೂತು ಅರ್ಧ ಗಂಟೆ ಹರಟಬೇಕು. ಅಂಗಡಿ, ಸಂಸಾರ, ಬೆನ್ನುನೋವು ಎಲ್ಲದರ ನಡುವೆ ಅಕ್ಕ ಕಾಯುತ್ತಿದ್ದದ್ದು ಆ ಅರ್ಧ ಗಂಟೆಯನ್ನು. ಅವಳಿಗೆ ಬೇರೆ ಗೆಳತಿಯರಿರಲಿಲ್ಲ, ಬೇಕು ಅನ್ನಿಸಿಯೂ ಇರಲಿಲ್ಲ.

ಒಂದು ಸಂಜೆ ಶೋರೂಮ್ ಪೆಟ್ಟಿಗೆಯೊಂದನ್ನು ತಬ್ಬಿಕೊಂಡು ಅಂಗಡಿಯ ಮುಂದೆ ಹಾದ. ಹಿಂದೆ ಪುಟ್ಟಿ.

“ಏನಪ್ಪಾ ಅದು?” ಅಕ್ಕ ಗಲ್ಲಾದಿಂದಲೇ ಕೂಗಿದಳು.

“ಪ್ಲೇಯರು, ಅಕ್ಕ.”

“ತಗೊಂಡ್ರಾ? ಒಳ್ಳೇದಾಯ್ತು ಬಿಡು. ನಾಳೆ ಇವ್ರು ಬಂದು ಹಾಕ್ಕೊಡ್ತಾರೆ. ನೀನು ತಂತಿಗಿಂತಿ ಮುಟ್ಟೋಕೆ ಹೋಗ್ಬೇಡ.”

ಶೋರೂಮ್ ಹೆಂಡತಿಯ ಮುಖ ನೋಡಿದ, ಆಮೇಲೆ ನೆಲ ನೋಡಿದ. “ಇದು ನೀಲಿದು, ಅಕ್ಕ,” ಎಂದ.

ಪರದೆ ಸರ್ರನೆ ಸರಿಯಿತು. ಮೆಕ್ಯಾನಿಕ್ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದೇ ನಿಂತಿದ್ದ. “ಏನಂದೆ?”

“ನೀಲಿ, ಅಣ್ಣ. ಮುಂದೆ ಓಡೋದು ಇದೇ ಅಂತ...”

“ಯಾರು ಹೇಳಿದ್ದು? ನಿನ್ನ ಟೈ ಹೇಳ್ತಾ?”

ಅಂದಿನಿಂದ ಅಕ್ಕನ ನೆಮ್ಮದಿಗೆ ಕಲ್ಲು ಬಿತ್ತು. ಬೆಳಿಗ್ಗೆ ಶೋರೂಮ್ ಮೆಟ್ಟಿಲಿಳಿಯುವ ಹೊತ್ತಿಗೆ ಸರಿಯಾಗಿ ಮೆಕ್ಯಾನಿಕ್ ಅಂಗಡಿಯ ಶಟರ್ ಎತ್ತುತ್ತಿದ್ದ. ಇವತ್ತು ಎಷ್ಟು ಜನಕ್ಕೆ ಟೋಪಿ ಹಾಕ್ತೀಯಪ್ಪಾ ಎಂದು ಇವನು. ಕಪಾಟಿನ ಧೂಳು ಹೊಡೆದ್ರಾ ಅಣ್ಣ ಎಂದು ಅವನು. ನಮ್ಮ ಡಿಸ್ಕಿನಲ್ಲಿ ಜಾಸ್ತಿ ಹಿಡಿಯುತ್ತೆ ಎಂದು ಅವನೆಂದರೆ, ಹಿಡಿಯೋಕೆ ಅದೇನು ಗೋಣಿಚೀಲವಾ ಎಂದು ಇವನು. ಊಟಕ್ಕೆ ಕೂತರೂ ಅದೇ ಮಾತು, ಮಲಗಲು ಹೋದರೂ ಅದೇ ಮಾತು. ಯಾವ ಕಂಪನಿ ಯಾವ ಕಡೆಗೆ ಹಾರಿತು, ಯಾವುದು ಕೈಕೊಟ್ಟಿತು ಎಂದು ಮೆಕ್ಯಾನಿಕ್ ದಿನಾ ವರದಿ ಒಪ್ಪಿಸುತ್ತಿದ್ದ. ಅಷ್ಟು ಆಸ್ಥೆಯಿಂದ ಅವನು ಹೆಂಡತಿಯ ಬೆನ್ನುನೋವಿನ ಬಗ್ಗೆ ಒಂದು ದಿನವಾದರೂ ಕೇಳಿದ್ದಿದ್ದರೆ ಅಕ್ಕ ಕೆಂಪು ಡಬ್ಬಿಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು.

ಇದರ ಮೇಲೆ ಗಿರಾಕಿಗಳ ಕಾಟ. ಶೋರೂಮಿನ ಮಾತು ಕೇಳಿ ನೀಲಿ ಯಂತ್ರ ಕೊಂಡವರು ನೆಟ್ಟಗೆ ಅಕ್ಕನ ಅಂಗಡಿಗೆ ಬಂದು ನೀಲಿ ಡಿಸ್ಕು ಕೇಳುವುದು, ಇಲ್ಲವೆಂದರೆ ಮುಖ ಗಂಟಿಕ್ಕುವುದು. ಪಕ್ಕದ ಬೇಕರಿಯವನಂತೂ ಒಂದು ಉಪಾಯ ಹುಡುಕಿಕೊಂಡೇ ಬಂದ.

“ಅಕ್ಕ, ಈ ಕೆಂಪು ಡಬ್ಬೀದನ್ನ ನೀಲಿ ಡಬ್ಬಿಗೆ ಹಾಕಿ ಕೊಟ್ಟುಬಿಡಿ. ಯಂತ್ರಕ್ಕೇನು ಗೊತ್ತಾಗುತ್ತೆ?”

“ಗೊತ್ತಾಗುತ್ತೆ ಕಣಪ್ಪ,” ಎಂದಳು ಅಕ್ಕ ಹಲ್ಲು ಕಚ್ಚಿ. “ಅದಕ್ಕೆ ಗೊತ್ತಾಗೋವಷ್ಟು ನಿಮಗ್ಯಾರಿಗೂ ಗೊತ್ತಾಗಲ್ಲ, ಅದೇ ನನ್ನ ಕರ್ಮ.”

ಕೊನೆಗೆ, ಬಾಯಿಮಾತೇಕೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿಯೇ ಬಿಡೋಣ ಎಂದು ಮೆಕ್ಯಾನಿಕ್ ಸವಾಲು ಹಾಕಿದ. ಶೋರೂಮ್ ಒಪ್ಪಿದ. ಎರಡು ನಮೂನೆಯಲ್ಲೂ ಸಿಗುವ ಸಿನಿಮಾ ಹುಡುಕಿ ಹುಡುಕಿ ಸಿಕ್ಕಿದ್ದು ಕಡಲಾಮೆಗಳ ಬಗ್ಗೆ ಒಂದು ಸಾಕ್ಷ್ಯಚಿತ್ರ. ಭಾನುವಾರ ಮಧ್ಯಾಹ್ನ ಮೇಲಿನ ಮನೆಯ ಟಿವಿ ಕೆಳಗಿಳಿದು ಬಂತು. ಎಡಕ್ಕೆ ಅಕ್ಕನ ಟಿವಿ, ಅದರ ಕೆಳಗೆ ಕೆಂಪು ಯಂತ್ರ. ಬಲಕ್ಕೆ ಪುಟ್ಟಿಯ ಟಿವಿ, ಅದರ ಕೆಳಗೆ ನೀಲಿ ಯಂತ್ರ. ಅವನ ಯಂತ್ರವನ್ನು ಇವನು ಮುಟ್ಟಬಾರದು, ಇವನದನ್ನು ಅವನು ಮುಟ್ಟಬಾರದು ಎಂಬ ಕರಾರು. ಹಾಗಾಗಿ ಮೇಜಿನ ಹಿಂದೆ ಇಬ್ಬರೂ ಮಂಡಿಯೂರಿ, ಬೆನ್ನು ತಿರುಗಿಸಿಕೊಂಡು, ತಂತಮ್ಮ ತಂತಿ ಸಿಕ್ಕಿಸಿಕೊಂಡರು. ಅಕ್ಕ ತಂಗಿಯರು ಸೋಫಾದಲ್ಲಿ ನ್ಯಾಯಾಧೀಶರಾಗಿ ಕೂತರು.

ಎರಡು ಪರದೆಯ ಮೇಲೂ ಒಂದೇ ಆಮೆ ಒಂದೇ ಮರಳಿನ ಮೇಲೆ ತೆವಳತೊಡಗಿತು. ಅಕ್ಕನಿಗೆ ಎರಡೂ ಒಂದೇ ಥರ ಕಂಡವು. ಆಮೆಯ ಬೆನ್ನಿನ ಗೆರೆ ಎಣಿಸಿ ಆಗಬೇಕಾದದ್ದು ಏನೂ ಇರಲಿಲ್ಲ. ಆದರೆ ಗಂಡ ಪಕ್ಕದಲ್ಲೇ ಉಸಿರು ಬಿಗಿಹಿಡಿದು ನಿಂತಿದ್ದ, ಪಾಪ.

“ಎಡಗಡೇದೇ ಚೆನ್ನಾಗಿದೆ ಕಣ್ರೀ. ಕೆಂಪಿನ ಕಳೆಯೇ ಬೇರೆ. ಅಲ್ವೇನೇ ಪುಟ್ಟಿ?”

ಪುಟ್ಟಿ ಹೂಂ ಎನ್ನಬೇಕಿತ್ತು. ಹುಟ್ಟಿದಾಗಿನಿಂದ ಆ ಪ್ರಶ್ನೆಗೆ ಅವಳು ಹೇಳಿದ್ದು ಹೂಂ ಎಂದೇ. ಈಗ ಅವಳು ಪರದೆಗಳ ಕಡೆ ನೋಡದೆ ತನ್ನ ಉಗುರು ನೋಡಿಕೊಳ್ಳುತ್ತ, “ನಂಗೆ ನೀಲಿದೇ ಇಷ್ಟ ಆಯ್ತು,” ಎಂದಳು.

“ಸರಿಯಾಗಿ ನೋಡೇ. ಆ ಆಮೆ ಕಣ್ಣು ನೋಡು.”

“ನೋಡ್ದೆ ಅಕ್ಕ. ನೀಲಿದೇ.”

ಅಕ್ಕ ಶೋರೂಮಿನ ಕಡೆ ಕಣ್ಣು ಕೆಂಪಗೆ ಮಾಡಿದಳು. ಹೆಂಡತಿಗೆ ಪಾಠ ಹೇಳಿಕೊಟ್ಟು ಕರೆತಂದಿದ್ದಾನೆ ಮಹಾರಾಯ! ಅಷ್ಟರಲ್ಲಿ ಮೆಕ್ಯಾನಿಕ್, ಆಮೆಯ ಕಣ್ಣನ್ನು ನಿಲ್ಲಿಸಿಯೇ ತೋರಿಸುತ್ತೇನೆಂದು ಕೆಂಪು ಯಂತ್ರದ ರಿಮೋಟ್ ಒತ್ತಿದ. ಎಡಗಡೆಯ ಆಮೆ ತನ್ನ ಪಾಡಿಗೆ ತಾನು ತೆವಳುತ್ತಲೇ ಹೋಯಿತು. ನಿಂತದ್ದು ಬಲಗಡೆಯ ಆಮೆ.

ಬೆನ್ನು ತಿರುಗಿಸಿಕೊಂಡು ಸಿಕ್ಕಿಸಿದ್ದರಲ್ಲ, ಒಬ್ಬರ ತಂತಿಯ ತುದಿ ಇನ್ನೊಬ್ಬರ ಟಿವಿಗೆ ಹೋಗಿತ್ತು. ಅಕ್ಕ ಹಾಡಿ ಹೊಗಳಿದ್ದು ನೀಲಿಯನ್ನು, ಪುಟ್ಟಿ ಹಠ ಹಿಡಿದು ಮೆಚ್ಚಿದ್ದು ಕೆಂಪನ್ನು. ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಇನ್ನೇನು ಎಲ್ಲರೂ ನಕ್ಕು ಮುಗಿಯಿತು ಅಂದುಕೊಂಡಳು.

“ಬೇಕಂತ್ಲೇ ಮಾಡಿದ್ದೀಯ,” ಎಂದ ಮೆಕ್ಯಾನಿಕ್.

“ನಾನಾ? ರಿಪೇರಿಯವರು ನೀವಾ ನಾನಾ ಅಣ್ಣ?”

“ರಿಪೇರಿ ಮಾಡೋನು ಮೋಸ ಮಾಡಲ್ಲ. ಮಾರೋನು ಮಾಡ್ತಾನೆ.”

ಶೋರೂಮಿನ ಮುಖ ಕಪ್ಪಿಟ್ಟಿತು. ತಂತಿ ಕಿತ್ತು, ಯಂತ್ರವನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟೇಬಿಟ್ಟ. “ಪುಟ್ಟೀ, ನೀನು ಮೆಚ್ಚಿದ್ದು ಕೆಂಪು ಕಣೇ!” ಎಂದು ಅಕ್ಕ ಇನ್ನೂ ನಗುತ್ತಲೇ ಕೂಗಿದಳು. ಬಾಗಿಲಲ್ಲಿ ಪುಟ್ಟಿ ತಿರುಗಿ ನಿಂತು, “ಇರ್ಲಿ. ನಂಗೆ ನೀಲಿನೇ,” ಎಂದು ಹೇಳಿ ಗಂಡನ ಹಿಂದೆ ಮೆಟ್ಟಿಲು ಹತ್ತಿದಳು.

ಭಾನುವಾರಗಳು ನಿಂತವು. ಮೇಲಕ್ಕೆ ಹೋಗುವ ಡಿಸ್ಕಿಲ್ಲ, ಕೆಳಕ್ಕೆ ಬರುವ ಡಿಸ್ಕಿಲ್ಲ, ಆ ಅರ್ಧ ಗಂಟೆಯೂ ಇಲ್ಲ. ಪುಟ್ಟಿ ಅಂಗಡಿಯ ಮುಂದೆ ಹಾದುಹೋಗುವಾಗ ಕೈಯೆತ್ತುತ್ತಿದ್ದಳು, ಊಟ ಆಯ್ತಾ ಎನ್ನುತ್ತಿದ್ದಳು, ಅಷ್ಟೇ. ಸ್ಟೂಲಿನ ಮೇಲೆ ಈಗ ಹಳೆಯ ರಿಮೋಟುಗಳ ಬುಟ್ಟಿ ಕೂತಿತ್ತು. ಆಮೇಲೆ ಒಂದು ದಿನ ಪುಟ್ಟಿ ತಾನಾಗಿಯೇ ಒಳಗೆ ಬಂದಳು. ಅಕ್ಕ ಸಡಗರದಿಂದ ಬುಟ್ಟಿ ಎತ್ತಿಟ್ಟಳು. ಪುಟ್ಟಿ ಕೂರಲಿಲ್ಲ.

“ಅಕ್ಕ, ನಾವು ಬೇರೆ ಮನೆ ನೋಡ್ತಿದೀವಿ. ಹೊಳೆ ಆಚೆ.”

“ಹೊಳೆ ಆಚೆನಾ? ಅಲ್ಲಿಂದ ಕ್ಲಿನಿಕ್ಕಿಗೆ ಎರಡು ಬಸ್ಸು ಬದಲಾಯಿಸ್ಬೇಕಲ್ಲೇ!”

“ಬದಲಾಯಿಸ್ತೀನಿ.”

“ಇವರಿಬ್ಬರ ಕಾಟಕ್ಕೆ ಹೋಗ್ತಿದೀಯಾ? ನಾನು ಸರಿ ಮಾಡ್ತೀನಿ ಕಣೇ. ಸ್ವಲ್ಪ ಟೈಮ್ ಕೊಡು.”

ಪುಟ್ಟಿ ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ.

ಮೇಲಿನ ಆ ಮನೆ ಖಾಲಿಯಾದಾಗ ಮಾಲೀಕನ ಕೈಕಾಲು ಹಿಡಿದು ಪುಟ್ಟಿಗೆ ಕೊಡಿಸಿದವಳು ಅವಳು. ಅಮ್ಮನಿಗೆ ಗಿರಣಿಯಲ್ಲಿ ಬೆಳಗಿನ ಪಾಳಿ ಇದ್ದ ಕಾಲದಲ್ಲಿ ಪುಟ್ಟಿಗೆ ತಲೆ ಬಾಚಿ, ಬೂಟಿನ ದಾರ ಕಟ್ಟಿ, ಶಾಲೆಗೆ ಎಳೆದುಕೊಂಡು ಹೋದವಳು ಅವಳು. ಈಗ ಎರಡು ಬಣ್ಣದ ಡಬ್ಬಿಗಾಗಿ ಆ ಪುಟ್ಟಿ ಹೊಳೆಯಾಚೆ ಹೋಗುವುದೆಂದರೇನು! ಅವಳು ಪರದೆ ಸರಿಸಿ ಗಂಡನಿಗೆ ಸರಿಯಾಗಿ ಮಂಗಳಾರತಿ ಎತ್ತಿದಳು. ಸೋಲೊಪ್ಪಿಕೋ, ಕಾಲಿಗೆ ಬೀಳು, ಏನಾದರೂ ಮಾಡು, ನನ್ನ ತಂಗಿ ಈ ಕಟ್ಟಡ ಬಿಟ್ಟು ಹೋಗಬಾರದು ಎಂದಳು.

“ನಾನೇನು ಮಾಡ್ದೆ ಈಗ?” ಎಂದು ಮೆಕ್ಯಾನಿಕ್ ಗೊಣಗಿದ. ಇನ್ನೂ ಏನೋ ಹೇಳುವವನಂತೆ ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡು, ಬಿಚ್ಚಿಟ್ಟ ರೇಡಿಯೊದೊಳಗೆ ತಲೆ ತೂರಿಸಿದ. ಮೊಂಡ ಅಂದರೆ ಮೊಂಡ.

ಅಷ್ಟರಲ್ಲಿ ಯುದ್ಧವೇ ಮುಗಿದುಹೋಯಿತು. ಸಂಜೆಯ ವಾರ್ತೆಯಲ್ಲಿ, ಹವಾಮಾನ ಹೇಳಿ ಮುಗಿದ ಮೇಲೆ, ಕೆಂಪು ನಮೂನೆಯ ಯಂತ್ರಗಳನ್ನು ಇನ್ನು ಮುಂದೆ ತಯಾರಿಸುವುದಿಲ್ಲವಂತೆ ಎಂದು ಓದುವವಳು ಒಂದೇ ಉಸಿರಿನಲ್ಲಿ ಓದಿ ಮುಗಿಸಿದಳು. ಮೆಕ್ಯಾನಿಕ್ ಕೂತಲ್ಲೇ ಕೂತಿದ್ದ. ಮಾರನೇ ದಿನ ಮಾತಿಲ್ಲದೆ ಕಪಾಟಿನ ಕೆಂಪು ಡಬ್ಬಿಗಳನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ತುಂಬಿ ಮೇಜಿನ ಕೆಳಗೆ ತಳ್ಳಿದ. ಅಕ್ಕನಿಗೆ ಅಯ್ಯೋ ಅನ್ನಿಸಿತು. ಆದರೆ ಸುಳ್ಳೇಕೆ, ಒಳಗೊಳಗೆ ಎದೆಯ ಮೇಲಿನ ಚಪ್ಪಡಿ ಇಳಿಸಿದ ಹಾಗೂ ಆಯಿತು. ಇನ್ನು ಕೆಂಪೂ ಇಲ್ಲ, ಜಗಳವೂ ಇಲ್ಲ. ನಾವೂ ಒಂದು ನೀಲಿ ತಂದುಬಿಟ್ಟರೆ ಮೇಲೆ ಕೆಳಗೆ ಒಂದೇ ಯಂತ್ರ, ಭಾನುವಾರ ಮತ್ತೆ ಶುರು. ಹೊಳೆಯಾಚೆಗೆ ಹೋಗಲು ಯಾರಿಗೂ ಕಾರಣವೇ ಉಳಿಯುವುದಿಲ್ಲ.

ಅವಳು ಗಂಡನನ್ನೂ ಕೇಳಲಿಲ್ಲ, ಯಾರನ್ನೂ ಕೇಳಲಿಲ್ಲ. ನೇರ ಶೋರೂಮಿನ ಅಂಗಡಿಗೇ ಹೋದಳು. ಸಾಲು ಟಿವಿಗಳ ನಡುವೆ ಅವಳನ್ನು ಕಂಡು ಅವನು ಓಡಿಬಂದ.

“ಒಂದು ನೀಲಿ ಪ್ಲೇಯರ್ ಕೊಡಪ್ಪ. ನೀವು ತಗೊಂಡಿರೋದೇ. ಅದೇ ಬೆಳ್ಳಿ ಬಣ್ಣದ್ದು.”

ಶೋರೂಮ್ ಟೈ ಸಡಿಲಿಸಿಕೊಂಡ. “ಅವಳಿಗೆ ಹೇಳಿದ್ದೀರಾ, ಅಕ್ಕ?”

“ಇಲ್ಲ ಕಣೋ. ಹೋಗಿ ಮುಂದೆ ಇಟ್ಟು ಖುಷಿ ಪಡಿಸ್ತೀನಿ.”

“ಅಲ್ಲ ಅಕ್ಕ... ಒಂದು ಮಾತು ಅವಳನ್ನ ಕೇಳಿ ಆಮೇಲೆ ತಗೊಂಡ್ರೆ...”

“ಕೇಳೋದೇನಿದೆಯೋ? ನೀವು ಗೆದ್ರಿ, ನಾವು ಸೋತ್ವಿ. ಬಾಯಿಬಿಟ್ಟು ಹೇಳ್ತಿದೀನಲ್ಲ, ಇನ್ನೇನು ಬೇಕು ನಿಂಗೆ? ಪೆಟ್ಟಿಗೆ ತೆಗಿ.”

ಅವನು ಕತ್ತು ಕೆರೆದುಕೊಂಡು ಪೆಟ್ಟಿಗೆ ತಂದ. ಗೆದ್ದವನಿಗೆ ಎಷ್ಟು ಸೊಕ್ಕು ನೋಡು ಎಂದು ಅಕ್ಕ ಮನಸ್ಸಿನಲ್ಲೇ ಬೈದುಕೊಂಡಳು. ಪೆಟ್ಟಿಗೆಯನ್ನು ತಾನೇ ಹೊತ್ತು, ತನ್ನ ಮನೆಯ ಬಾಗಿಲು ದಾಟಿ, ಏದುಸಿರು ಬಿಡುತ್ತ ಮೇಲಿನ ಮನೆಗೆ ಹತ್ತಿದಳು.

ಪುಟ್ಟಿ ಆಗಷ್ಟೇ ಕ್ಲಿನಿಕ್ಕಿನಿಂದ ಬಂದು ಕಾಲು ಚಾಚಿ ಕೂತಿದ್ದಳು. ಅಕ್ಕ ಪೆಟ್ಟಿಗೆಯನ್ನು ಅವಳ ಮುಂದೆ ಇಟ್ಟು, ಟೇಪು ಕಿತ್ತು, ಥರ್ಮೊಕೋಲ್ ಎಳೆದು, ಯಂತ್ರವನ್ನು ಎತ್ತಿ ತೋರಿಸಿದಳು.

“ನೋಡೇ! ನಾನೂ ನೀಲಿ ತಂದೆ. ನಿಂದೇ ಮಾಡೆಲ್ಲು, ಪಡಿಯಚ್ಚು. ಇನ್ಮೇಲೆ ಡಿಸ್ಕು ಮೇಲೆ ಕೆಳಗೆ ಓಡಾಡ್ಬಹುದು. ಬರೋ ಭಾನುವಾರ ಏನು ನೋಡೋಣ, ಹೇಳು.”

ಪುಟ್ಟಿ ಯಂತ್ರವನ್ನು ನೋಡಿದಳು. ಆಮೇಲೆ ತನ್ನ ಟಿವಿಯ ಕೆಳಗಿದ್ದ ಯಂತ್ರವನ್ನು ನೋಡಿದಳು.

“ಇದನ್ನೂ ತಂದ್ಯಾ?” ಎಂದಳು.

ಆ ‘ಇದನ್ನೂ’ ಅಕ್ಕನಿಗೆ ಅರ್ಥವಾಗಲಿಲ್ಲ. “ತರದೆ? ಎರಡು ಮನೇಗೆ ಎರಡು ಥರ ಯಾಕೇ?”

“ಯಾಕೆ ಅಂದ್ರೆ ನಾವು ಎರಡು ಮನೆ, ಅಕ್ಕ!” ಪುಟ್ಟಿಯ ದನಿ ಹಾಗೆ ಏರಿದ್ದನ್ನು ಅಕ್ಕ ಯಾವತ್ತೂ ಕೇಳಿರಲಿಲ್ಲ. “ಫ್ರಿಜ್ಜು ನೀನು ಹೇಳಿದ್ದು. ಸೋಫಾ ನೀನು ಹೇಳಿದ್ದು. ಈ ಗೋಡೆ ಬಣ್ಣ ನೀನು ಹೇಳಿದ್ದು, ಆ ಬಣ್ಣ ನಂಗಾಗಲ್ಲ, ನೋಡಿದ್ರೆ ವಾಕರಿಕೆ ಬರುತ್ತೆ. ಕಾಲೇಜಲ್ಲಿ ಏನು ಓದ್ಬೇಕು ಅಂತಾನೂ ನೀನೇ ಹೇಳಿದ್ದು. ಗಂಡನ್ನೂ ನೀನೇ ನೋಡಿದ್ದು. ಅದೊಂದು ಸರಿಯಾಗಿ ಬಂತು, ನನ್ನ ಪುಣ್ಯ. ಇಷ್ಟು ವರ್ಷದಲ್ಲಿ ನಾನೇ ಅಂತ ಆರಿಸಿಕೊಂಡಿದ್ದು ಈ ಡಬ್ಬ ಒಂದು. ಅದನ್ನೂ ತಂದು ನಿನ್ನ ಮನೇಲಿಟ್ಕೊಳ್ಬೇಕಾ?”

“ನೀನಾ ಆರಿಸಿದ್ದು? ನಿನ್ನ ಗಂಡ ಅಲ್ವಾ?”

“ಅವರು ಕೆಂಪೇ ತರೋಣ ಅಂದ್ರು. ಅಕ್ಕನ ಮನೇಲಿ ಕೆಂಪಿದೆ, ಬದಲಾಯಿಸ್ಕೊಂಡು ನೋಡ್ಬಹುದು ಅಂದ್ರು. ನಾನು ನೀಲಿ ಅಂದೆ. ಯಾವುದು ಒಳ್ಳೇದು ಅಂತ ನಂಗೇನು ಗೊತ್ತು? ನಿನ್ನ ಹತ್ರ ಇರಲಿಲ್ಲ, ಅದಕ್ಕೆ ನೀಲಿ ಅಂದೆ. ಪಾಪ ಆ ಮನುಷ್ಯ ನನ್ನ ಹೆಸರೆತ್ತದೆ ಭಾವನ ಹತ್ರ ಅಷ್ಟು ದಿನ ಬೈಸಿಕೊಂಡ್ರು.”

ಅಕ್ಕನಿಗೆ ಮೊದಲು ಬಂದದ್ದು ಸಿಟ್ಟು. “ನಾನೇನು ನಿಂಗೆ ವಿಷ ಹಾಕಿದ್ನಾ? ಒಳ್ಳೇದಾಗ್ಲಿ ಅಂತ ತಾನೇ ಮಾಡಿದ್ದು? ಬೇಡ ಅಂತ ಒಂದು ದಿನ ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಂಗೆ, ಬಾಯಲ್ಲಿ ಕಡುಬಿತ್ತಾ?”

“ಹೇಳಿದ್ನಲ್ಲ, ಆಮೆ ಮುಂದೆ ಕೂತು. ‘ಸರಿಯಾಗಿ ನೋಡೇ’ ಅಂದೆ ನೀನು.”

ಅಕ್ಕ ಯಂತ್ರವನ್ನು ಥರ್ಮೊಕೋಲಿನೊಳಗೆ ಕೂರಿಸಲು ನೋಡಿದಳು. ಅದು ಕೂರಲಿಲ್ಲ, ತಿರುಗಾಮುರುಗಾ ಆಗಿತ್ತು. ಪುಟ್ಟಿ ಸಹಾಯಕ್ಕೆ ಬರಲಿಲ್ಲ.

“ಹಾಗಾದ್ರೆ ಮನೆ ಬಿಡೋದು... ಅವರಿಬ್ಬರ ಜಗಳಕ್ಕಲ್ಲ?”

“ಯಾವ ಜಗಳ? ಅವರಿಬ್ರೂ ಆಮೆ ನೋಡಿದ ಮಾರನೇ ವಾರಕ್ಕೇ ರಾಜಿ ಆದ್ರು. ಇವರ ಅಂಗಡಿ ಹಿಂದೆ ಮಾಲು ಇಳಿಸೋ ಕ‌ಟ್ಟೆ ಮೇಲೆ ಕೂತು ದಿನಾ ಚಹಾ ಕುಡೀತಾರೆ. ನಿಂಗೆ ಹೇಳ್ಬೇಡಿ ಅಂದಿದ್ದು ನಾನು. ಗೊತ್ತಾದ್ರೆ ನೀನು ಮತ್ತೆ ಎಲ್ಲ ಒಂದು ಮಾಡೋಕೆ ನಿಂತ್ಕೊಳ್ತೀಯ ಅಂತ.” ಪುಟ್ಟಿಯ ಕಣ್ಣು ತುಂಬಿತ್ತು, ಆದರೆ ಅವಳು ಮಾತು ವಾಪಸು ತೆಗೆದುಕೊಳ್ಳಲಿಲ್ಲ. “ನಾನು ಹೋಗ್ತಿರೋದು ನಿಂಗೋಸ್ಕರಾನೇ ಅಕ್ಕ. ಇಲ್ಲೇ ಇದ್ರೆ ಒಂದು ದಿನ ನಿನ್ನ ಮುಖ ನೋಡೋಕೂ ಆಗದ ಹಾಗೆ ಆಗ್ಬಿಡುತ್ತೆ.”

ಅಕ್ಕ ಪೆಟ್ಟಿಗೆಯನ್ನು ಮುಚ್ಚದೆಯೇ ಎತ್ತಿಕೊಂಡು ಕೆಳಗಿಳಿದಳು. ಮನೆಗೆ ಹೋಗಲಿಲ್ಲ. ಹಾಗೇ ಮುಖ್ಯರಸ್ತೆಗೆ ನಡೆದು ಶೋರೂಮಿನ ಕೈಗೆ ಅದನ್ನು ವಾಪಸು ಕೊಟ್ಟಳು. ಅವನು ಏನಾಯಿತೆಂದು ಕೇಳಲಿಲ್ಲ. ಹಿಂದಿನ ಕಟ್ಟೆಯ ಮೇಲೆ ಮೆಕ್ಯಾನಿಕ್ ಚಹಾದ ಲೋಟ ಹಿಡಿದು ಕೂತಿದ್ದ, ಹೆಂಡತಿಯನ್ನು ಕಂಡು ಲೋಟವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. ಥೂ, ಇಂಥವನನ್ನು ಬೈದಾದರೂ ಏನು ಪ್ರಯೋಜನ! ಅವಳು ಪಕ್ಕದಲ್ಲಿ ಕೂತು ಆ ಲೋಟ ಕಿತ್ತುಕೊಂಡು ಉಳಿದ ಚಹಾವನ್ನು ತಾನೇ ಕುಡಿದಳು.

ಪುಟ್ಟಿ ಹೊಳೆಯಾಚೆ ಹೋದಳು. ಸಾಮಾನು ಸಾಗಿಸಿದ ದಿನ ಅಕ್ಕ ಅಂಗಡಿ ಬಿಟ್ಟು ಕದಲಲಿಲ್ಲ. ಲಾರಿಯಲ್ಲಿ ಕನ್ನಡಿಯನ್ನು ಅಡ್ಡ ಮಲಗಿಸುತ್ತಿದ್ದಾರೆ, ಒಡೆಯುತ್ತದೆ ಎಂದು ಕಣ್ಣಿಗೆ ಕಂಡರೂ ಗಲ್ಲಾದ ಅಂಚು ಹಿಡಿದು ಕೂತಳು. ಒಡೆಯಲಿಲ್ಲ. ಅಂಗಡಿಯ ಕಪಾಟಿಗೆ ನೀಲಿ ಡಬ್ಬಿಗಳು ಬಂದವು, ಬೇಕರಿಯವನಿಗೆ ಸಂತೋಷವಾಯಿತು. ಅಕ್ಕನ ಮನೆಗೆ ಮಾತ್ರ ನೀಲಿ ಯಂತ್ರ ಬರಲಿಲ್ಲ. ಫೋನ್ ಮಾಡಬೇಕೆಂದು ಕೈ ದಿನಕ್ಕೆ ಹತ್ತು ಸಲ ಹೋಗುತ್ತಿತ್ತು. ಮಾಡಿದರೆ ಪರದೆ ಹಾಕಿದೆಯಾ, ಗ್ಯಾಸ್ ಎಲ್ಲಿಟ್ಟೆ ಎಂದೇ ಬಾಯಿಂದ ಬರುವುದೆಂದು ತಿಳಿದು ಸುಮ್ಮನಾಗುತ್ತಿದ್ದಳು. ಇಂಥ ಹಿಂಸೆ ಶತ್ರುವಿಗೂ ಬೇಡ.

ಬೇಸಗೆ ಶುರುವಾಗುವ ಹೊತ್ತಿಗೆ ಪುಟ್ಟಿಯದೇ ಫೋನ್ ಬಂತು. “ಭಾನುವಾರ ಬಾ ಅಕ್ಕ, ಸಿನಿಮಾ ನೋಡೋಣ,” ಎಂದಳು. ಒಂದೇ ಕಟ್ಟಡದಲ್ಲಿ ಅಷ್ಟು ವರ್ಷವಿದ್ದು ಪುಟ್ಟಿ ಅವಳನ್ನು ಬಾ ಎಂದು ಕರೆದದ್ದೇ ಇರಲಿಲ್ಲ. ಕರೆಯುವ ಮೊದಲೇ ಇವಳು ಹೋಗಿ ಕೂತಿರುತ್ತಿದ್ದಳು.

ಎರಡು ಬಸ್ಸು ಬದಲಾಯಿಸಿ ಗಂಡ ಹೆಂಡತಿ ಹೋದರು. ಹೊಸ ಮನೆಯ ಹಜಾರದ ಗೋಡೆ ಕಡು ಹಸಿರು. ದೊಡ್ಡ ಕಿಟಕಿ, ಪಡುವಣಕ್ಕೆ. ಅಕ್ಕ ಒಳಗೆ ಕಾಲಿಟ್ಟ ಕೂಡಲೇ ನೋಡಿದ್ದು ಅದನ್ನೇ: ಟಿವಿಯನ್ನು ಆ ಕಿಟಕಿಯ ಸರೀ ಎದುರಿಗೆ ಇಟ್ಟಿದ್ದರು. ಮಧ್ಯಾಹ್ನದ ಬಿಸಿಲು ತಂದು ಪರದೆಯ ಮೇಲೇ ಸುರಿದಂತಿತ್ತು. ಎಡಗಡೆಯ ಗೋಡೆ ಖಾಲಿ, ತಣ್ಣಗೆ, ನೆರಳಲ್ಲಿ ಇತ್ತು. ಅಕ್ಕನ ನಾಲಿಗೆ ಹಲ್ಲಿಗೆ ಬಂದು ಬಡಿಯಿತು.

“ಹೇಗಿದೆ ಅಕ್ಕ?” ಪುಟ್ಟಿ ಅವಳ ಮುಖವನ್ನೇ ನೋಡುತ್ತಿದ್ದಳು.

“ಚೆನ್ನಾಗಿದೆ ಕಣೇ.”

“ಏನಾದ್ರೂ ಹೇಳ್ಬೇಕಾ?”

“ಇಲ್ಲ. ಚೆನ್ನಾಗಿದೆ.”

ನೀಲಿ ಡಬ್ಬಿಯಿಂದ ಡಿಸ್ಕು ತೆಗೆದು ಪುಟ್ಟಿ ಯಂತ್ರಕ್ಕೆ ಹಾಕಿದಳು. ಷಡ್ಡಕರಿಬ್ಬರೂ ಒಂದೇ ಬೆಂಚಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತು ಏನೋ ಪಿಸುಗುಟ್ಟಿಕೊಂಡು ನಗುತ್ತಿದ್ದರು. ಸಿನಿಮಾ ಶುರುವಾಯಿತು. ನಾಯಕಿ ಅತ್ತಳೋ ನಕ್ಕಳೋ ಅಕ್ಕನಿಗೆ ತಿಳಿಯಲಿಲ್ಲ, ಪರದೆಯ ಮುಕ್ಕಾಲು ಭಾಗ ಬರೀ ಬೆಳಕು. ಅವಳು ಕಣ್ಣು ಕಿರಿದು ಮಾಡಿಕೊಂಡು, ಪುಟ್ಟಿ ನಕ್ಕಾಗ ನಕ್ಕು, ಪುಟ್ಟಿ ಮೂಗೊರೆಸಿಕೊಂಡಾಗ ತಾನೂ ಒರೆಸಿಕೊಂಡು, ಕೊನೆಯವರೆಗೂ ಕೂತಳು. ಹೊರಡುವಾಗ ಪುಟ್ಟಿ ಬಾಗಿಲವರೆಗೆ ಬಂದು ಅವಳ ಸೆರಗು ಹಿಡಿದುಕೊಂಡು, “ಮುಂದಿನ ಭಾನುವಾರಾನೂ ಬರ್ತೀಯಲ್ಲ?” ಎಂದಳು. ಅಕ್ಕ ತಲೆಯಾಡಿಸಿದಳು.

ಬಸ್ಸು ಹೊರಟು ತಿರುವು ದಾಟುವವರೆಗೆ ಅವಳು ತಡೆದುಕೊಂಡಿದ್ದಳು.

“ಆ ಗೋಡೆಗೆ ಯಾರಾದ್ರೂ ಟಿವಿ ಇಡ್ತಾರೇನ್ರೀ!” ಅಕ್ಕನ ಕೂಗಿಗೆ ಮುಂದಿನ ಸೀಟಿನವರು ತಿರುಗಿ ನೋಡಿದರು. “ಪಕ್ಕದಲ್ಲಿ ಅಷ್ಟು ದೊಡ್ಡ ಗೋಡೆ ಖಾಲಿ ಬಿದ್ದಿದೆ! ಕಣ್ಣಿಲ್ವಾ ಅವಳಿಗೆ? ಟಿವಿ ಮಾರೋ ಗಂಡನ್ನ ಇಟ್ಕೊಂಡು! ಆ ಹಸಿರು ಬಣ್ಣ ಬೇರೆ, ಅಯ್ಯಪ್ಪಾ! ನಂಗೆ ಒಂದೇ ಒಂದು ಸೀನು ಕಾಣಿಸಿದ್ರೆ ಕೇಳಿ, ಒಂದೇ ಒಂದು!” ಹೇಳುತ್ತ ಹೇಳುತ್ತ ಅವಳ ಕಣ್ಣಲ್ಲಿ ನೀರು ಧಾರಾಕಾರ ಸುರಿಯಿತು.

ಮೆಕ್ಯಾನಿಕ್ ಜೇಬಿನಿಂದ ಕರ್ಚೀಫು ತೆಗೆದು ಕೊಟ್ಟ. “ಹೇಳ್ಬೇಕಿತ್ತು ಕಣೇ,” ಎಂದ.

“ಹೇಳಿದ್ದಿದ್ರೆ,” ಎಂದಳು ಅಕ್ಕ ಮೂಗು ಸೀಟಿಕೊಳ್ಳುತ್ತ, “ಮುಂದಿನ ಭಾನುವಾರ ಬಾ ಅಂತ ಕರೀತಿದ್ಲೇನ್ರೀ?”